ಬೆನ್ನುನೋವಿಗೆ ಪಿಲಾಟಿಸ್: ಶಿರಸಿ ಕಡೆ ಮನೆಯಲ್ಲೇ ಮಾಡಬಹುದಾ?

ತೋಟದಮನೆ, ಶಿರಸಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನಗೆ 48 ವರ್ಷ. ಸೊಂಟನೋವು ಶುರುವಾಗಿ ಬಹಳ ವರ್ಷ ಆಯಿತು. ಮಳೆಗಾಲದಲ್ಲಿ ಸ್ವಲ್ಪ ತಗ್ಗುತ್ತದೆ, ಕೊನೆಕೊಯ್ಲು ಬಂತೆಂದರೆ ಮತ್ತೆ ಅದೇ ಕಥೆ. ಅಡಿಕೆ ಸುಲಿಯಲು ಮೆಟ್ಟುಗತ್ತಿ ಮೇಲೆ ಕೂತು ಒಂದು ತಾಸು ಆಗುವಷ್ಟರಲ್ಲಿ ಎಡಸೊಂಟದಿಂದ ತೊಡೆಯ ಹಿಂದಿನವರೆಗೆ ಎಳೆಯಲು ಶುರು. ಏಳುವಾಗ ಕಂಬ ಹಿಡಿದೇ ಏಳಬೇಕು, ನೆಟ್ಟಗೆ ನಿಲ್ಲಲು ಮತ್ತೊಂದಷ್ಟು ಹೊತ್ತು.

ಹುಬ್ಬಳ್ಳಿಗೆ ಹೋಗಿ ಎಂಆರ್‌ಐ ಮಾಡಿಸಿದ್ದಾಯಿತು. ಎಲ್‌4-ಎಲ್‌5 ಡಿಸ್ಕ್ ಬಲ್ಜ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ ಎಂದು ಬಂದಿದೆ. ಆಪರೇಷನ್ ಬೇಡ, ವ್ಯಾಯಾಮ ಮಾಡಿ ಎಂದರು. ಯಾವ ವ್ಯಾಯಾಮ, ಹೇಗೆ ಎಂದು ಯಾರೂ ಹೇಳಲಿಲ್ಲ. ಮಗಳು ಬೆಂಗಳೂರಲ್ಲಿ ಪಿಲಾಟಿಸ್ ಕ್ಲಾಸಿಗೆ ಹೋಗುತ್ತಾಳೆ, ಉಸಿರಿನ ಜೊತೆ ಹೊಟ್ಟೆ, ಸೊಂಟದ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವಂತೆ. ನೀನೂ ಮಾಡಮ್ಮಾ ಎಂದು ವಿಡಿಯೋ ಕಳಿಸಿದ್ದಾಳೆ. ಅದರಲ್ಲಿ ಒಬ್ಬಳು ಹುಡುಗಿ ತಲೆ, ಕಾಲು ಎರಡನ್ನೂ ಎತ್ತಿ ಕುಂಡೆಯ ಮೇಲಷ್ಟೇ ನಿಲ್ಲುತ್ತಾಳೆ. ನನಗೆ ನೋಡಿಯೇ ಹೆದರಿಕೆಯಾಯಿತು.

ಡಿಸ್ಕ್ ತೊಂದರೆ ಇದ್ದವರು ಇದನ್ನು ಮಾಡಬಹುದಾ? ಮಷಿನ್ ಬೇಕೇ ಬೇಕಾ, ಚಾಪೆಯ ಮೇಲೆ ಆಗುತ್ತದಾ? ಕೊಟ್ಟಿಗೆ ಕೆಲಸ, ತೋಟದ ಕೆಲಸ ಬಿಡುವ ಹಾಗಿಲ್ಲ. ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಕಾಳಿತೀರ, ಕಾರವಾರ

ಅಕ್ಕಾ, ಮಾಡಬಹುದು. ಆದರೆ ಆ ವಿಡಿಯೋದಲ್ಲಿ ಇರುವುದನ್ನಲ್ಲ. ಅದಕ್ಕೆ ಟೀಸರ್ ಅಂತ ಹೆಸರು. ಪೂರ್ತಿ ಗಟ್ಟಿಯಾದವರು ಕೊನೆಕೊನೆಗೆ ಕಲಿಯುವ ವ್ಯಾಯಾಮ ಅದು.

ಪಣಜಿಯಲ್ಲಿ ಕೆಲಸಕ್ಕಿದ್ದಾಗ ನಾನು ರಿಫಾರ್ಮರ್ ಕ್ಲಾಸಿಗೆ ಹೋಗುತ್ತಿದ್ದೆ. ಉದ್ದನೆಯ ಚೌಕಟ್ಟು, ಅದರೊಳಗೆ ಹಿಂದೆ ಮುಂದೆ ಸರಿಯುವ ಮೆತ್ತೆ ಹಾಕಿದ ಹಲಗೆ, ಹಲಗೆಗೆ ಸ್ಪ್ರಿಂಗು, ಕೈಕಾಲಿಗೆ ಪಟ್ಟಿ. ಮಲಗಿಕೊಂಡು ಪಾದದಿಂದ ಅಡ್ಡಪಟ್ಟಿಯನ್ನು ಒತ್ತಿದರೆ ಹಲಗೆ ಸರಿಯುತ್ತದೆ. ಸ್ಪ್ರಿಂಗು ಕೆಲವು ವ್ಯಾಯಾಮದಲ್ಲಿ ಭಾರ ಕೊಡುತ್ತದೆ, ಕೆಲವದರಲ್ಲಿ ಆಸರೆ ಕೊಡುತ್ತದೆ. ನೋವು ಜಾಸ್ತಿ ಇದ್ದಾಗ ಆ ಆಸರೆ ಒಳ್ಳೆಯದೇ. ಕಾರವಾರಕ್ಕೆ ವಾಪಸ್ ಬಂದ ಮೇಲೆ ಮಷಿನ್ ಇಲ್ಲದೆ ನೆಲದ ಮೇಲೆಯೇ ಮುಂದುವರಿಸಿದ್ದೇನೆ, ಅದರಿಂದ ಬೆನ್ನಿಗೆ ಏನೂ ಕಡಿಮೆಯಾಗಿಲ್ಲ. ಸೊಂಟದ ಮಟ್ಟಿಗೆ ಮಷಿನ್ ಇಲ್ಲ ಎಂದು ಕೊರಗಬೇಕಾಗಿಲ್ಲ.

ಇದರ ಹಿನ್ನೆಲೆ ತಿಳಿದರೆ ವಿಡಿಯೋ ಯಾಕೆ ಹಾಗಿದೆ ಅನ್ನುವುದು ಗೊತ್ತಾಗುತ್ತದೆ. ಜೋಸೆಫ್ ಪಿಲಾಟಿಸ್ ಹುಟ್ಟಿದ್ದು 1883ರಲ್ಲಿ, ಜರ್ಮನಿಯಲ್ಲಿ. ಚಿಕ್ಕವನಿದ್ದಾಗ ಉಬ್ಬಸ, ಮೂಳೆ ಮೆತ್ತಗಾಗುವ ರಿಕೆಟ್ಸ್ ಎರಡೂ ಇದ್ದ ಹುಡುಗ. ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನಲ್ಲಿದ್ದ. ಜರ್ಮನ್ ಪ್ರಜೆ ಎಂಬ ಕಾರಣಕ್ಕೆ ಬ್ರಿಟಿಷರು ಶಿಬಿರದಲ್ಲಿ ಕೂಡಿಹಾಕಿದರು, ಅಲ್ಲಿಯೂ ವ್ಯಾಯಾಮ ಬಿಡಲಿಲ್ಲ. 1920ರ ದಶಕದಲ್ಲಿ ನ್ಯೂಯಾರ್ಕಿಗೆ ಹೋಗಿ ಹೆಂಡತಿ ಕ್ಲಾರಾ ಜೊತೆ ಸ್ಟುಡಿಯೋ ನಡೆಸಿದ. ಅಲ್ಲಿಗೆ ಹೆಚ್ಚಾಗಿ ಬಂದವರು ನರ್ತಕರು. ಹೆಸರಾಂತ ನೃತ್ಯ ಸಂಯೋಜಕರಾದ ಜಾರ್ಜ್ ಬಾಲಂಚಿನ್, ಮಾರ್ಥಾ ಗ್ರಹಾಂ ಅವರ ನರ್ತಕರೂ ಇದ್ದರು. ಆತ ನೆಲದ ಮೇಲೆ ಮಾಡಲು ಬರೆದಿಟ್ಟ 34 ವ್ಯಾಯಾಮಗಳಲ್ಲಿ ಬೆನ್ನನ್ನು ಉಂಡೆ ಮಾಡಿ ಉರುಳುವುದು, ಕಾಲನ್ನು ತಲೆಯ ಹಿಂದಕ್ಕೆ ತರುವುದು ಎಲ್ಲ ಇದೆ. ಮೈ ಹೇಳಿದಂತೆ ಕೇಳುವ ನರ್ತಕಿಗೆ ಅದು ಸರಿ. ಬೆನ್ನುನೋವಿನವರಿಗೆ ಈಗ ಫಿಸಿಯೋಗಳು ಹೇಳಿಕೊಡುವುದು ಅದರ ಬಹಳ ಸಣ್ಣ, ಬಹಳ ನಿಧಾನದ ರೂಪ.

ಫಿಸಿಯೋ_ಕುಮಟಾ

ಕಾಳಿತೀರ ಅವರು ಸರಿಯಾಗಿ ಹೇಳಿದ್ದಾರೆ. ತೋಟದಮನೆ ಅಕ್ಕಾ, ಏನು ಮಾಡಬೇಕು ಎಂದು ಹೇಳುವ ಮುಂಚೆ ನನಗೆ ಕೆಲವು ವಿಷಯ ಗೊತ್ತಾಗಬೇಕು. ಕೂತಾಗ, ಬಗ್ಗಿದಾಗ ನೋವು ಜಾಸ್ತಿಯೋ, ನಿಂತಾಗ, ನಡೆಯುವಾಗ ಜಾಸ್ತಿಯೋ? ಮೊಣಕಾಲಿನಿಂದ ಕೆಳಗೆ ಇಳಿಯುತ್ತದೆಯೇ? ಪಾದದಲ್ಲಿ ಜೋಮು, ಹೆಬ್ಬೆರಳು ಎತ್ತಲು ಬಲ ಇಲ್ಲದ ಹಾಗೆ ಏನಾದರೂ?

ಇನ್ನೊಂದು ಮಾತು, ಇದು ಎಲ್ಲರಿಗೂ. ಮೂತ್ರ ಬರುವುದು ಗೊತ್ತಾಗದಿರುವುದು ಅಥವಾ ಕಟ್ಟಿಕೊಳ್ಳುವುದು, ಮಲದ ಹಿಡಿತ ತಪ್ಪುವುದು, ಕೂರುವ ಜಾಗದಲ್ಲಿ, ತೊಡೆಸಂದಿಯಲ್ಲಿ ಮರಗಟ್ಟುವುದು, ಕಾಲಿನ ಬಲ ದಿನದಿಂದ ದಿನಕ್ಕೆ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ವ್ಯಾಯಾಮದ ಮಾತೇ ಇಲ್ಲ. ಅದೇ ದಿನ ದೊಡ್ಡಾಸ್ಪತ್ರೆಗೆ ಹೊರಡಬೇಕು. ನಮ್ಮ ಜಿಲ್ಲೆಯಿಂದ ಹುಬ್ಬಳ್ಳಿಯೋ ಮಣಿಪಾಲವೋ ಗೋವಾವೋ ಎಲ್ಲವೂ ದೂರ. ಹಾಗಾಗಿ ಬೆಳಗಾಗಲಿ ನೋಡೋಣ ಎಂದು ಕಾಯಬೇಡಿ. ಬೆನ್ನುನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಮರದಿಂದಲೋ ಬೈಕಿನಿಂದಲೋ ಬಿದ್ದ ಮೇಲೆ ಬಂದ ನೋವು, ಇವನ್ನೂ ಮೊದಲು ಡಾಕ್ಟರ್ ನೋಡಬೇಕು.

ತೋಟದಮನೆ, ಶಿರಸಿ ತಾಲ್ಲೂಕು

ಕೂತರೆ, ಬಗ್ಗಿದರೆ ಜಾಸ್ತಿ. ಉದುರಡಿಕೆ ಹೆಕ್ಕಿದ ದಿನ ರಾತ್ರಿ ನಿದ್ದೆ ಇಲ್ಲ. ನಡೆದರೆ ಹಗುರ ಅನ್ನಿಸುತ್ತದೆ. ಮೊಣಕಾಲಿನಿಂದ ಕೆಳಗೆ ಬರುವುದಿಲ್ಲ, ಜೋಮಿಲ್ಲ, ಬೇರೆ ಯಾವ ತೊಂದರೆಯೂ ಇಲ್ಲ. ಬೆಳಿಗ್ಗೆ ಎದ್ದಾಗ ಮಾತ್ರ ಸೊಂಟ ಮರದ ಕೊರಡು.

ಫಿಸಿಯೋ_ಕುಮಟಾ

ಹಾಗಾದರೆ ನಿಮ್ಮದು ಬಗ್ಗಿದರೆ ಕೆರಳುವ, ನಡೆದರೆ ತಗ್ಗುವ ಸೊಂಟ. ಪಿಲಾಟಿಸ್ ಆಗುತ್ತದೋ ಇಲ್ಲವೋ ಅನ್ನುವುದಕ್ಕಿಂತ ಇದು ದೊಡ್ಡ ವಿಷಯ. ಒಂದೇ ವ್ಯಾಯಾಮ ಒಬ್ಬರಿಗೆ ಔಷಧಿ, ಇನ್ನೊಬ್ಬರಿಗೆ ಗಾಯಕ್ಕೆ ಉಪ್ಪು. ನಿಮ್ಮ ಬೆನ್ನು ಯಾವುದಕ್ಕೆ ಕೆರಳುತ್ತದೆ ಎಂದು ತಿಳಿಯದೆ ಯಾರ ವಿಡಿಯೋ ನೋಡಿಯೂ ಶುರು ಮಾಡಬಾರದು.

ಮೊದಲು ವರದಿಯ ಭಯ ಬಿಡಿ. 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಲ್ಲಿ, ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟುಹಾಕಿ ನೋಡಿದರು. 40ರ ವಯಸ್ಸಿನವರಲ್ಲಿ ಶೇ. 50, 50ರ ವಯಸ್ಸಿನವರಲ್ಲಿ ಶೇ. 60 ಜನರಿಗೆ ಡಿಸ್ಕ್ ಬಲ್ಜ್ ಇತ್ತು. ಅವರು ಆರಾಮವಾಗಿ ಓಡಾಡಿಕೊಂಡಿದ್ದವರು. ಅಂದರೆ ನಿಮ್ಮ ವರದಿಯ ಆ ಒಂದು ಸಾಲಿನಿಂದ ಬೆನ್ನು ಮುರಿದುಹೋಗಿದೆ ಎಂದು ಅರ್ಥವಲ್ಲ. ನೋವು ಸುಳ್ಳು ಎಂದೂ ಅಲ್ಲ. ನೋವು ನಿಜ, ಆದರೆ ಕೆಲಸ ಮಾಡಲಾಗದ ಬೆನ್ನು ಎಂಬ ತೀರ್ಮಾನ ಬೇಡ.

ಈಗ ಮಾಡುವ ಕ್ರಮ. ಹಾಸಿಗೆಯ ಮೇಲೆ ಬೇಡ, ಮೆತ್ತಗಾದರೆ ಸೊಂಟ ಎಲ್ಲಿದೆ ಎಂದು ತಿಳಿಯುವುದಿಲ್ಲ. ನೆಲದ ಮೇಲೆ ಚಾಪೆ, ಅದರ ಮೇಲೆ ಮಡಚಿದ ಜಮಖಾನ ಸಾಕು. ಅಂಗಾತ ಮಲಗಿ ಮೊಣಕಾಲು ಮಡಚಿ, ಪಾದ ನೆಲದ ಮೇಲಿರಲಿ. ತಲೆಯ ಕೆಳಗೆ ತೆಳುವಾದ ದಿಂಬು. ನಿಮ್ಮ ಸೊಂಟದೊಳಗೆ ನೀರು ತುಂಬಿದ ಬೋಗುಣಿ ಇದೆ ಎಂದುಕೊಳ್ಳಿ. ಅದನ್ನು ಹೊಕ್ಕುಳ ಕಡೆಗೆ ಸ್ವಲ್ಪ ವಾಲಿಸಿ, ಆಮೇಲೆ ಕಾಲಿನ ಕಡೆಗೆ ಸ್ವಲ್ಪ ವಾಲಿಸಿ. ನೀರು ಎರಡೂ ಕಡೆ ಚೆಲ್ಲದ ಮಧ್ಯದ ಜಾಗದಲ್ಲಿ ನಿಲ್ಲಿಸಿ. ಆಗ ಸೊಂಟದ ಕೆಳಗೆ ತೆಳ್ಳಗೆ ಅಂಗೈ ತೂರುವಷ್ಟು ಜಾಗ ಉಳಿಯುತ್ತದೆ, ಬೆನ್ನನ್ನು ನೆಲಕ್ಕೆ ಅಮುಕುವುದು ಬೇಡ.

ಅಲ್ಲಿಂದ ಉಸಿರು. ಎರಡೂ ಅಂಗೈಯನ್ನು ಪಕ್ಕೆಲುಬಿನ ಮೇಲಿಡಿ. ಮೂಗಿನಿಂದ ಉಸಿರು ಎಳೆದಾಗ ಪಕ್ಕೆ ಅಗಲವಾಗಿ ಕೈಯನ್ನು ತಳ್ಳಬೇಕು. ಬಿಡುವಾಗ ಹೊಕ್ಕುಳ ಕೆಳಗಿನ ಹೊಟ್ಟೆಯನ್ನು ಮೆಲ್ಲಗೆ ಒಳಕ್ಕೆ ತನ್ನಿ, ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನೂ ಸ್ವಲ್ಪ ಮೇಲಕ್ಕೆ ಎಳೆಯಿರಿ. ಇಲ್ಲಿ ಬಹಳ ಜನ ಹೊಟ್ಟೆಯನ್ನು ಕಲ್ಲು ಮಾಡಿ ಉಸಿರು ಕಟ್ಟುತ್ತಾರೆ. ಹಾಗಲ್ಲ. ಪೂರ್ತಿ ಬಲದ ಕಾಲು ಭಾಗ ಸಾಕು, ಮಾತಾಡಲು ಆಗಬೇಕು. ಹೊಟ್ಟೆಯ ಒಳಪದರದಲ್ಲಿ ಸೊಂಟವನ್ನು ಸುತ್ತಿಕೊಂಡಿರುವ ಸ್ನಾಯು, ಬೆನ್ನುಮೂಳೆಗೆ ಅಂಟಿಕೊಂಡಿರುವ ಸಣ್ಣ ಸ್ನಾಯುಗಳು, ಕೆಳಗೆ ಶ್ರೋಣಿಯ ತಳ, ಮೇಲೆ ಉಸಿರಾಟದ ಸ್ನಾಯುವಾದ ವಪೆ, ಈ ನಾಲ್ಕೂ ಒಟ್ಟಿಗೆ ಕೆಲಸ ಮಾಡಲು ಕಲಿಯುವುದೇ ಮೊದಲ ಪಾಠ. ದೀರ್ಘಕಾಲ ನೋವಿದ್ದವರಲ್ಲಿ ಎಷ್ಟೋ ಸಲ ಇವು ತಡವಾಗಿ ಎಚ್ಚರಗೊಳ್ಳುತ್ತವೆ. 1996ರಿಂದಲೇ ಇದರ ಮೇಲೆ ಅಧ್ಯಯನ ನಡೆದಿದೆ.

ಇದು ಕೈಗೆ ಬಂದ ಮೇಲೆ, ಉಸಿರು ಬಿಡುತ್ತಾ ಒಂದು ಹಿಮ್ಮಡಿಯನ್ನು ನೆಲದ ಮೇಲೆ ಮುಂದಕ್ಕೆ ಜಾರಿಸಿ, ಎಳೆಯುತ್ತಾ ವಾಪಸ್ ತನ್ನಿ. ಬೋಗುಣಿ ಅಲ್ಲಾಡಬಾರದು, ಅದೇ ಪರೀಕ್ಷೆ. ಒಂದೊಂದು ಕಾಲಿಗೆ ಆರೋ ಎಂಟೋ ಸಲ. ಆಮೇಲೆ ಒಂದೊಂದೇ ಕಾಲನ್ನು ಮಡಚಿದ ಹಾಗೆಯೇ ಎತ್ತಿ ಇಳಿಸುವುದು. ನಂತರ ಸೊಂಟ ಎತ್ತುವ ಬ್ರಿಡ್ಜ್. ಪಕ್ಕಕ್ಕೆ ಮಲಗಿ ಪಾದ ಜೋಡಿಸಿಟ್ಟು ಮೇಲಿನ ಮೊಣಕಾಲನ್ನಷ್ಟೇ ತೆರೆಯುವುದು. ಕೊನೆಗೆ ಮೊಣಕಾಲು, ಕೈ ಊರಿ ಎದುರುಬದುರು ಕೈಕಾಲು ಚಾಚುವುದು. ಇಷ್ಟೇ. ಇದನ್ನೇ ಮೊದಲ ಒಂದೂವರೆ ಎರಡು ತಿಂಗಳು ಮಾಡಿ. ವಾರಕ್ಕೆ ಎರಡು ಮೂರು ಸಲ ಸಾಕು, ಉಸಿರಿನ ಭಾಗ ದಿನಾ ಮಾಡಿದರೂ ತೊಂದರೆ ಇಲ್ಲ. ಮಾಡುವಾಗ ಹೊಟ್ಟೆಯ ನಡುಭಾಗ ಗುಮ್ಮಟದ ಹಾಗೆ ಉಬ್ಬಿ ಬಂದರೆ ಅಥವಾ ಬೆನ್ನು ಕಮಾನಾದರೆ ಅದು ನಿಮಗೆ ಸದ್ಯಕ್ಕೆ ಭಾರ ಎಂದರ್ಥ. ಹಿಂದಿನ ಹೆಜ್ಜೆಗೆ ಹೋಗಿ.

ನೋವಿನ ಲೆಕ್ಕ ಹೀಗಿರಲಿ. ಮಾಡುವಾಗ ಸ್ವಲ್ಪ ಗೊತ್ತಾದರೆ ಪರವಾಗಿಲ್ಲ. ಮರುದಿನದ ಹೊತ್ತಿಗೆ ಎಂದಿನ ಮಟ್ಟಕ್ಕೆ ಬಂದಿರಬೇಕು. ನೋವು ತೊಡೆಯಿಂದ ಸೊಂಟದ ಕಡೆಗೆ ಮೇಲೆ ಸರಿದರೆ ಒಳ್ಳೆಯ ಸೂಚನೆ, ಸೊಂಟದಲ್ಲಿ ಸ್ವಲ್ಪ ಜಾಸ್ತಿಯಾದರೂ ಸಹ. ಕೆಳಗೆ ಮೀನಖಂಡದ ಕಡೆಗೆ ಇಳಿದರೆ ಅದನ್ನು ನಿಲ್ಲಿಸಿ.

ಇನ್ನು ಬೆಳಗಿನ ವಿಷಯ. ಇದು ನಿಮಗೆ ಬಹಳ ಮುಖ್ಯ. ರಾತ್ರಿ ಮಲಗಿದ್ದಾಗ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ, ಎದ್ದ ಕೂಡಲೆ ಬಗ್ಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೆಳಗಿನ ಹೊತ್ತು ಬಗ್ಗುವುದನ್ನು ಹಿಡಿತದಲ್ಲಿಟ್ಟವರಿಗೆ ಹಳೆಯ ಸೊಂಟನೋವು ಚೆನ್ನಾಗಿ ತಗ್ಗಿತು. ನಮ್ಮ ಕಡೆ ಹೆಂಗಸರ ದಿನ ಶುರುವಾಗುವುದೇ ಬಗ್ಗಿಕೊಂಡು. ಸಗಣಿ ಬಾಚು, ಹಾಲು ಕರೆ, ಬಚ್ಚಲ ಒಲೆಗೆ ಬೆಂಕಿ ಹಾಕು, ಅಂಗಳ ಗುಡಿಸು. ಆದಷ್ಟು ಮಟ್ಟಿಗೆ ಮೊದಲ ಒಂದು ತಾಸು ನಿಂತು ಮಾಡುವ ಕೆಲಸ ಇಟ್ಟುಕೊಳ್ಳಿ. ಸಗಣಿ ಬಾಚುವುದನ್ನು ಮನೆಯ ಗಂಡಸರು ವಹಿಸಿಕೊಳ್ಳಲಿ, ಇದನ್ನು ನಾನು ಪ್ರತಿ ಮನೆಯವರಿಗೂ ನೇರವಾಗಿಯೇ ಹೇಳುತ್ತೇನೆ. ಪಿಲಾಟಿಸ್ ಕೂಡ ಎದ್ದ ಕೂಡಲೆ ಬೇಡ. ಹತ್ತು ಗಂಟೆಯ ಮೇಲೋ ಸಂಜೆಯೋ ಮಾಡಿ.

ಯೋಗಾಭ್ಯಾಸಿ, ಹೊನ್ನಾವರ

ಚೆನ್ನಾಗಿ ವಿವರಿಸಿದ್ದೀರಿ. ಒಂದು ಪ್ರಶ್ನೆ, ವಾದಕ್ಕಲ್ಲ. ನೀವು ಹೇಳಿದ ಬ್ರಿಡ್ಜ್ ನಮ್ಮ ಸೇತುಬಂಧಾಸನವೇ ಅಲ್ಲವೇ? ಕೈಕಾಲು ಊರಿ ಮಾಡುವುದು ಮಾರ್ಜಾಲಾಸನದ ಹತ್ತಿರವೇ ಇದೆ. ಊರಲ್ಲೇ ಯೋಗ ಕಲಿಸುವವರು ಇರುವಾಗ ಹೊರಗಿನ ಪದ್ಧತಿಯ ಹಿಂದೆ ಯಾಕೆ ಹೋಗಬೇಕು? ಪಿಲಾಟಿಸ್‌ನಿಂದ ಜಾಸ್ತಿ ಗುಣ ಎಂದು ಸಾಬೀತಾಗಿದೆಯೇ?

ಫಿಸಿಯೋ_ಕುಮಟಾ

ಇಲ್ಲ, ಸಾಬೀತಾಗಿಲ್ಲ. ಚಿಕಿತ್ಸೆಗಳ ಮೇಲಿನ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿನೋಡುವ ಕಾಕ್ರೇನ್ ಸಂಸ್ಥೆ 2015ರಲ್ಲಿ ಇದನ್ನೇ ಪರಿಶೀಲಿಸಿತು. 10 ಪ್ರಯೋಗ, 510 ಜನ. ಹೆಚ್ಚೇನೂ ಚಿಕಿತ್ಸೆ ತೆಗೆದುಕೊಳ್ಳದೆ ಇದ್ದವರಿಗಿಂತ ಪಿಲಾಟಿಸ್ ಮಾಡಿದವರಿಗೆ ನೋವೂ ಕಡಿಮೆಯಾಯಿತು, ದಿನದ ಕೆಲಸವೂ ಸುಲಭವಾಯಿತು. ಬೇರೆ ವ್ಯಾಯಾಮಗಳಿಗಿಂತ ಇದೇ ಮೇಲು ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಆ ಪ್ರಯೋಗಗಳ ಗುಣಮಟ್ಟ ಸಾಧಾರಣ, ಕೆಲವದು ಅದಕ್ಕಿಂತಲೂ ಕಡಿಮೆ.

ಆದ್ದರಿಂದ ನೀವು ಕಲಿಸುವ ಯೋಗದಿಂದ ಒಬ್ಬರಿಗೆ ಹಿತ ಆಗುತ್ತಿದ್ದರೆ ಅದನ್ನು ಬಿಟ್ಟು ಇದಕ್ಕೆ ಬರಬೇಕಾಗಿಲ್ಲ. ಪಿಲಾಟಿಸ್‌ನಲ್ಲಿ ನನಗೆ ಹಿಡಿಸಿದ್ದು ಅದರ ಮೆಟ್ಟಿಲುಗಳು. ಹಿಮ್ಮಡಿ ಜಾರಿಸುವಷ್ಟು ಸಣ್ಣದರಿಂದ ಶುರುಮಾಡಿ, ಸೊಂಟ ಅಲ್ಲಾಡುತ್ತದೋ ಇಲ್ಲವೋ ಎಂದು ನೋಡಿ ಒಂದೊಂದೇ ಮೇಲಕ್ಕೆ ಹೋಗಬಹುದು. ಹೆದರಿ ಮೈ ಬಿಗಿಹಿಡಿದವರಿಗೆ ಇದು ಧೈರ್ಯ ಕೊಡುತ್ತದೆ. ಆದರೆ ಗುಂಪಿನಲ್ಲಿ ಎಲ್ಲರಿಗೂ ಒಂದೇ ಪಾಠ ಹೇಳಿದರೆ ಪಿಲಾಟಿಸೂ ಅಪಾಯವೇ, ಯೋಗವೂ ಅಪಾಯವೇ. ತೋಟದಮನೆ ಅಕ್ಕನಿಗೆ ಪಶ್ಚಿಮೋತ್ತಾನಾಸನ ಮಾಡಿಸಿದರೆ ಏನಾಗಬಹುದು ಎಂದು ನಿಮಗೂ ಗೊತ್ತು.

ಯೋಗಾಭ್ಯಾಸಿ, ಹೊನ್ನಾವರ

ಒಪ್ಪಿದೆ. ಬಗ್ಗಿದರೆ ಕೆರಳುವವರಿಗೆ ಮುಂಬಾಗುವ ಆಸನ ನಾನೂ ಕೊಡುವುದಿಲ್ಲ, ಭುಜಂಗಾಸನವನ್ನು ಮೊಣಕೈ ಊರಿ ಅರ್ಧಕ್ಕೆ ಮಾತ್ರ ಮಾಡಿಸುತ್ತೇನೆ. ಉಸಿರಿನ ಜೊತೆ ಕೆಳಹೊಟ್ಟೆ ಹಿಡಿಯುವ ಕ್ರಮವನ್ನು ಇನ್ನು ಮೇಲೆ ಸೇರಿಸಿಕೊಳ್ಳುತ್ತೇನೆ.

ನಿವೃತ್ತ_ಅಕ್ಕೋರು, ಕುಮಟಾ

ನನಗೆ 69. ಸರ್ಕಾರಿ ಶಾಲೆಯಲ್ಲಿ ಕಲಿಸಿ ನಿವೃತ್ತಳಾದೆ. ಮೂಳೆ ಸವಕಲು ಎಂದು ಹೇಳಿದ್ದಾರೆ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಟಿ-ಸ್ಕೋರ್ -2.9 ಬಂತು. ಬೆನ್ನು ಸ್ವಲ್ಪ ಬಾಗಿದೆ. ಮೊಮ್ಮಗಳು ಮಲಗಿ ತಲೆ, ಭುಜ ಎತ್ತಿ ಕಾಲಿನ ಬೆರಳು ಮುಟ್ಟುವ ವ್ಯಾಯಾಮ ತೋರಿಸಿದಳು. ಮಾಡಬಹುದೇ?

ಫಿಸಿಯೋ_ಕುಮಟಾ

ಅಕ್ಕೋರೆ, ಅದನ್ನು ದಯವಿಟ್ಟು ಮಾಡಬೇಡಿ. -2.5 ಅಥವಾ ಅದಕ್ಕಿಂತ ಕಡಿಮೆ ಎಂದರೆ ಆಸ್ಟಿಯೋಪೊರೋಸಿಸ್, ನೀವು ಹೇಳಿದ ಮೂಳೆ ಸವಕಲು. ಅಂಥ ಮೂಳೆಯಲ್ಲಿ ಬೆನ್ನನ್ನು ಮುಂದಕ್ಕೆ ಸುರುಳಿ ಮಾಡಿದರೆ ಕಶೇರುಗಳ, ಅಂದರೆ ಬೆನ್ನುಮೂಳೆಯ ಮಣಿಗಳ ಮುಂಭಾಗ ಕುಸಿಯಬಹುದು. 1984ರಲ್ಲಿ ಮೇಯೊ ಕ್ಲಿನಿಕ್‌ನವರು ಮುಟ್ಟು ನಿಂತ, ಮೂಳೆ ಸವೆದ 59 ಹೆಂಗಸರನ್ನು ಕೆಲವು ವರ್ಷ ಗಮನಿಸಿದ್ದರು. ಮುಂದೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಶೇ. 89 ಜನರಿಗೆ ಹೊಸ ಕುಸಿತ ಕಂಡಿತು. ಬೆನ್ನನ್ನು ಹಿಂದಕ್ಕೆ ನೆಟ್ಟಗೆ ಮಾಡುವ ವ್ಯಾಯಾಮ ಮಾಡಿದವರಲ್ಲಿ ಶೇ. 16. ಸಣ್ಣ ಅಧ್ಯಯನ, ಆದರೂ ವ್ಯತ್ಯಾಸ ಅಷ್ಟು ದೊಡ್ಡದಿರುವುದರಿಂದ ನಾವೆಲ್ಲ ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇವೆ.

ಪಿಲಾಟಿಸ್‌ನಲ್ಲಿ ರೋಲ್-ಅಪ್, ಉರುಳುವ ವ್ಯಾಯಾಮಗಳು, ಹಂಡ್ರೆಡ್ ಎಂಬುದರಲ್ಲಿ ತಲೆ ಎತ್ತುವುದು, ಸೊಂಟವನ್ನು ಜೋರಾಗಿ ತಿರುಚುವುದು, ಇವು ನಿಮಗೆ ಬೇಡವೇ ಬೇಡ. ಹಂಡ್ರೆಡ್ ಎಂದರೆ ಹತ್ತು ಉಸಿರಿನಲ್ಲಿ ಕೈಯನ್ನು ನೂರು ಸಲ ಮೇಲೆ ಕೆಳಗೆ ಬಡಿಯುವುದು. ತಲೆ ದಿಂಬಿನ ಮೇಲೆ, ಪಾದ ನೆಲದ ಮೇಲೆ ಇಟ್ಟುಕೊಂಡು ಕೈ ಮಾತ್ರ ಆಡಿಸಿದರೆ ಅದು ನಿಮಗೂ ಆಗುತ್ತದೆ. ಬ್ರಿಡ್ಜ್ ಅನ್ನು ಅರ್ಧ ಎತ್ತರಕ್ಕೆ ಮಾಡಿ. ಬೋರಲು ಮಲಗಿ ಹಣೆ ಕೈಮೇಲಿಟ್ಟು ಭುಜದ ಮೂಳೆಗಳನ್ನು ಹಿಂದಕ್ಕೆ ಸೇರಿಸುವುದು, ಗೋಡೆಗೆ ಬೆನ್ನು ತಾಗಿಸಿ ನಿಲ್ಲುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಕುರ್ಚಿ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದು, ಇವೆಲ್ಲ ಒಳ್ಳೆಯದು. ನಿಮ್ಮ ವಯಸ್ಸಿನಲ್ಲಿ ಬೀಳದಿರುವುದು ಬಹಳ ದೊಡ್ಡದು, ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ನಡೆಯುವಾಗ ಜಾಗ್ರತೆ. ಮಾತ್ರೆ, ಕ್ಯಾಲ್ಸಿಯಂ, ವಿಟಮಿನ್ ಡಿ ವಿಷಯ ನಿಮ್ಮ ಡಾಕ್ಟರ್ ಹೇಳಿದಂತೆ ಬಿಡದೆ ಮುಂದುವರಿಸಿ.

ಬಂಡಿಬಜಾರ್, ಅಂಕೋಲಾ

ನಮ್ಮ ಆಯಿ ಮೀನು ಮಾರುವವಳು. ಜೀವನಪೂರ್ತಿ ಬುಟ್ಟಿ ತಲೆಮೇಲೆ ಹೊತ್ತು ಮನೆಮನೆ ತಿರುಗಿದವಳು. ಈಗ 63. ಸ್ವಲ್ಪ ದೂರ ನಡೆದರೆ ಎರಡೂ ಕಾಲು ಭಾರವಾಗಿ ಸೆಳೆಯುತ್ತದಂತೆ, ಯಾರದಾದರೂ ಜಗಲಿಯಲ್ಲಿ ಕೂತು ಮುಂದಕ್ಕೆ ಬಾಗಿದರೆ ಬಿಡುತ್ತದಂತೆ. ಮೇಲೆ ಬರೆದ ಅಕ್ಕನಿಗೆ ಉಲ್ಟಾ. ಇದೇ ವ್ಯಾಯಾಮ ಮಾಡಿಸಲೇ?

ಫಿಸಿಯೋ_ಕುಮಟಾ

ನೀವು ಬರೆದದ್ದು ಬೆನ್ನುಹುರಿ ಸಾಗುವ ನಾಳ ಕಿರಿದಾದವರ ಲಕ್ಷಣಕ್ಕೆ ಹತ್ತಿರ ಇದೆ. ಸ್ಪೈನಲ್ ಸ್ಟೆನೋಸಿಸ್ ಎನ್ನುತ್ತೇವೆ. ನಿಂತರೆ, ಹಿಂದಕ್ಕೆ ಬಾಗಿದರೆ ನಾಳ ಇನ್ನೂ ಕಿರಿದಾಗುತ್ತದೆ, ಮುಂದಕ್ಕೆ ಬಾಗಿದರೆ ಸ್ವಲ್ಪ ತೆರೆಯುತ್ತದೆ, ಅದಕ್ಕೇ ಕೂತರೆ ಹಗುರ. ಆದರೆ ಕಾಲಿನ ರಕ್ತನಾಳ ಕಟ್ಟಿದಾಗಲೂ ನಡೆದರೆ ಕಾಲು ಸೆಳೆಯುತ್ತದೆ. ಅಲ್ಲಿ ಬಾಗಬೇಕಾಗಿಲ್ಲ, ಸುಮ್ಮನೆ ನಿಂತರೂ ತಗ್ಗುತ್ತದೆ. ಮೊದಲು ಡಾಕ್ಟರಿಗೆ ತೋರಿಸಿ ಯಾವುದು ಎಂದು ಖಾತ್ರಿ ಮಾಡಿಕೊಳ್ಳಿ, ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಹೇಳಿ.

ಸ್ಟೆನೋಸಿಸ್ ಆಗಿದ್ದರೆ ಅಂಗಾತ ಮಲಗಿ ಮೊಣಕಾಲನ್ನು ಎದೆಯ ಕಡೆಗೆ ತರುವುದು, ಸೊಂಟವನ್ನು ನೆಲಕ್ಕೆ ಮೆಲ್ಲಗೆ ತಾಗಿಸುವುದು, ಹಿಮ್ಮಡಿ ಜಾರಿಸುವುದು ಆಯಿಗೆ ಹಿತ. ಬೋರಲು ಮಲಗಿ ಎದೆ ಎತ್ತುವುದು ಬೇಡ. ನಡಿಗೆ ಬಿಡಿಸಬೇಡಿ. ಕಾಲು ಸೆಳೆಯುವ ಮುಂಚೆಯೇ ಕೂತು, ಮತ್ತೆ ನಡೆಯಲಿ. ಬುಟ್ಟಿಯ ಭಾರ ಮಾತ್ರ ಇಳಿಸಬೇಕು.

ಬಡಗುತಿಟ್ಟು, ಹೊನ್ನಾವರ

ನಾನು ಹವ್ಯಾಸಿ ಯಕ್ಷಗಾನ ವೇಷಧಾರಿ, 24 ವರ್ಷ. ಹಿಂದಕ್ಕೆ ಬಾಗಿದಾಗ, ಮಂಡಿ ಹಾಕಿ ತಿರುಗುವಾಗ ಸೊಂಟದ ಒಂದೇ ಬಿಂದುವಿನಲ್ಲಿ ಚುಚ್ಚುತ್ತದೆ. ಮುಂದೆ ಬಗ್ಗಿದರೆ ಏನೂ ಇಲ್ಲ.

ಫಿಸಿಯೋ_ಕುಮಟಾ

ತಮ್ಮಾ, ನಿನ್ನ ವಯಸ್ಸಿನಲ್ಲಿ ಹಿಂದಕ್ಕೆ ಬಾಗಿದಾಗ ಒಂದೇ ಕಡೆ ಚುಚ್ಚಿದರೆ ಕಶೇರುವಿನ ಹಿಂಭಾಗದಲ್ಲಿ ಸಣ್ಣ ಬಿರುಕು ಇರಬಹುದು, ಕಶೇರು ಸ್ವಲ್ಪ ಮುಂದಕ್ಕೆ ಸರಿದಿರಲೂಬಹುದು. ಮೂಳೆ ಡಾಕ್ಟರಿಗೆ ತೋರಿಸಿ ಎಕ್ಸ್‌ರೇ ಮಾಡಿಸು. ಅಲ್ಲಿಯವರೆಗೆ ಸ್ವಾನ್, ಸ್ವಿಮಿಂಗ್ ಎಂಬ ಬೆನ್ನು ಎತ್ತುವ ಪಿಲಾಟಿಸ್ ವ್ಯಾಯಾಮಗಳೂ ಬೇಡ, ಮಂಡಿಕುಣಿತವೂ ಬೇಡ. ಈ ಸೀಸನ್ ಬಿಟ್ಟರೂ ಮುಂದೆ ಕುಣಿಯಲು ಬೇಕಾದಷ್ಟು ವರ್ಷ ಇದೆ.

ಹಳೇಬಸ್‌ಸ್ಟ್ಯಾಂಡ್, ಭಟ್ಕಳ

ನನ್ನದು ಬೇರೆ ಅನುಭವ. ಒಂದು ಕಡೆ ತಿಂಗಳುಗಟ್ಟಲೆ ಸೊಂಟವನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್ ಹಾಕಿದರು, ಸೊಂಟಪಟ್ಟಿ ಕೊಟ್ಟು ಮಲಗುವಾಗ ಬಿಟ್ಟು ಉಳಿದೆಲ್ಲ ಹೊತ್ತು ಕಟ್ಟಿ ಎಂದರು. ದುಡ್ಡು ಹೋಯಿತು, ಈಗ ಪಟ್ಟಿ ಇಲ್ಲದೆ ಅಂಗಡಿಯಲ್ಲಿ ನಿಲ್ಲಲಿಕ್ಕೇ ಧೈರ್ಯ ಇಲ್ಲ. ಈ ಸ್ಥಿತಿಯಲ್ಲಿ ವ್ಯಾಯಾಮ ಶುರು ಮಾಡಬಹುದಾ?

ಫಿಸಿಯೋ_ಕುಮಟಾ

ಮಾಡಬಹುದು, ಮಾಡಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿದೆ. ತಿಳಿವಳಿಕೆ ಕೊಡುವುದು, ವ್ಯಾಯಾಮ, ಮಸಾಜ್, ಮನಸ್ಸಿನ ಭಯ ತಗ್ಗಿಸುವ ಚಿಕಿತ್ಸೆ ಮುಂತಾದವನ್ನು ಅದು ಹೇಳುತ್ತದೆ. ಸೊಂಟಪಟ್ಟಿ, ಟ್ರ್ಯಾಕ್ಷನ್ ಎರಡನ್ನೂ ವಾಡಿಕೆಯಾಗಿ ಕೊಡಬಾರದು ಎನ್ನುತ್ತದೆ. 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಸೊಂಟನೋವಿತ್ತು ಎಂಬ ಲೆಕ್ಕವನ್ನೂ ಅದು ಕೊಟ್ಟಿದೆ. ನೀವು ಒಬ್ಬರೇ ಅಲ್ಲ.

ಪಟ್ಟಿಯನ್ನು ಇವತ್ತೇ ಬಿಚ್ಚಿ ಎಸೆಯಬೇಡಿ. ಮನೆಯೊಳಗೆ ಓಡಾಡುವಾಗ ಮೊದಲು ಬಿಡಿ, ಆಮೇಲೆ ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಬಿಡಿ. ಭಾರ ಎತ್ತುವ ದಿನಕ್ಕೆ ಕೊನೆಯವರೆಗೂ ಇಟ್ಟುಕೊಳ್ಳಬಹುದು. ಅದರ ಜೊತೆಜೊತೆಗೆ ಮೇಲೆ ಹೇಳಿದ ಉಸಿರು, ಕೆಳಹೊಟ್ಟೆಯ ಪಾಠ ನಡೆಯಲಿ. ಎಣ್ಣೆ ತಿಕ್ಕಿಸಿಕೊಂಡು ಬಿಸಿನೀರು ಹಾಕಿಕೊಳ್ಳುವುದರಿಂದ ಹಿತವಾಗುತ್ತದೆ ಎಂದಾದರೆ ಖಂಡಿತ ಮಾಡಿ. ಆ ಹಗುರದಲ್ಲಿ ಸ್ವಲ್ಪ ಹೊತ್ತು ನಡೆದಾಡಿ, ಮಲಗಿಬಿಡಬೇಡಿ.

ಕಾಳಿತೀರ, ಕಾರವಾರ

ಆನ್‌ಲೈನ್ ಕ್ಲಾಸ್ ಸೇರುವವರಿಗೆ ಒಂದು ಮಾತು. ಪಿಲಾಟಿಸ್ ಕಲಿಸುವವರಲ್ಲಿ ಒಂದು ವಾರಾಂತ್ಯದ ಕೋರ್ಸ್ ಮಾಡಿದವರೂ ಇದ್ದಾರೆ, ನೂರಾರು ಗಂಟೆ ತರಬೇತಿ ಪಡೆದವರೂ ಇದ್ದಾರೆ. ಬೆನ್ನುನೋವಿನವರಿಗೆ ಕಲಿಸಿ ಅಭ್ಯಾಸ ಇದೆಯಾ ಎಂದು ಕೇಳಿ. ಸೇರುವ ಮುಂಚೆ ನಿಮ್ಮ ನೋವಿನ ಬಗ್ಗೆ ಅವರು ಒಂದೂ ಪ್ರಶ್ನೆ ಕೇಳದಿದ್ದರೆ ದುಡ್ಡು ಕಟ್ಟಬೇಡಿ. ಫೋನನ್ನು ತಲೆಯ ಕಡೆ ಇಡದೆ ಪಕ್ಕದಲ್ಲಿ, ನೆಲದ ಮಟ್ಟದಲ್ಲಿ ಇಡಿ. ಸೊಂಟ ಕಮಾನಾಗುತ್ತಿದೆಯೇ ಎಂಬುದು ಆಗ ಮಾತ್ರ ಅವರಿಗೆ ಕಾಣುತ್ತದೆ.

ತೋಟದಮನೆ, ಶಿರಸಿ ತಾಲ್ಲೂಕು

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಕೊನೆಕೊಯ್ಲು ಮುಗಿಯಿತು, ಚಾಲಿ ಅಡಿಕೆ ಅಂಗಳದಲ್ಲಿ ಒಣಗುತ್ತಿದೆ. ನೋವು ಪೂರ್ತಿ ಹೋಗಿಲ್ಲ. ಆದರೆ ತೊಡೆಗೆ ಇಳಿಯುವುದು ನಿಂತಿದೆ, ರಾತ್ರಿ ನಿದ್ದೆ ಬರುತ್ತದೆ. ಹಿಮ್ಮಡಿ ಜಾರಿಸುವುದು ಇಷ್ಟು ಸಣ್ಣ ವ್ಯಾಯಾಮ, ಇದರಿಂದ ಏನಾಗುತ್ತದೆ ಎಂದು ಮನೆಯಲ್ಲಿ ಕೇಳಿದ್ದರು. ಎಡಗಾಲು ಜಾರಿಸುವಾಗ ಸೊಂಟ ಪ್ರತಿ ಸಲ ಎಡಕ್ಕೆ ವಾಲುತ್ತಿತ್ತು, ಬಲಗಾಲಿಗೆ ವಾಲುತ್ತಿರಲಿಲ್ಲ. ಎರಡೂ ಸೊಂಟದ ಮೂಳೆಯ ಮೇಲೆ ಬೆರಳಿಟ್ಟುಕೊಂಡು ಮಾಡಿದಾಗ ಗೊತ್ತಾಯಿತು. ಅದು ನಿಂತ ಮೇಲೆಯೇ ನೋವು ಮೇಲೆ ಸರಿಯಲು ಶುರುವಾಗಿದ್ದು.

ಮೆಟ್ಟುಗತ್ತಿಯ ಕೆಲಸ ಬಿಡಲು ಆಗಲಿಲ್ಲ. ಕೂರುವ ಕಡೆ ಮಡಚಿದ ಕಂಬಳಿ ಇಟ್ಟು ಎತ್ತರ ಮಾಡಿಕೊಂಡೆ, ಮೊಣಕಾಲಿಗಿಂತ ಸೊಂಟ ಸ್ವಲ್ಪ ಮೇಲೆ ಬರುವ ಹಾಗೆ. ಸುಲಿದ ಅಡಿಕೆಯ ಬುಟ್ಟಿಯನ್ನು ಬೇಕೆಂದೇ ದೂರ ಇಟ್ಟೆ, ಕೈತುಂಬ ಆದಾಗ ಎದ್ದು ಹೋಗಿ ಹಾಕಿ ಬರುವುದು. ಸುಲಿಯುವ ವೇಗ ಕಡಿಮೆಯಾಯಿತು ಎಂದು ಉಳಿದವರು ಹೇಳಿದರು. ಆಗಲಿ. ಸಗಣಿ ಬಾಚುವುದನ್ನು ಯಜಮಾನರು ವಹಿಸಿಕೊಂಡಿದ್ದಾರೆ.

ಎರಡು ವಿಷಯ ಕೇಳಬೇಕಿತ್ತು. ಒಂದು, ಮೊನ್ನೆ ಮದುವೆಮನೆಗೆ ಹೋಗಿ ದೇವಿಮನೆ ಘಟ್ಟದಲ್ಲಿ ಬಸ್ಸಿನಲ್ಲಿ ಕುಲುಕಿ ಬಂದ ಮೇಲೆ ಮತ್ತೆ ಹಿಡಿದುಕೊಂಡಿತು. ಹೀಗಾದಾಗ ಎಲ್ಲ ನಿಲ್ಲಿಸಬೇಕಾ? ಇನ್ನೊಂದು, ಅಕ್ಕಚ್ಚಿನ ಬಕೆಟ್ ಎತ್ತಲು ಯಾವಾಗ ಶುರು ಮಾಡಬಹುದು? ಈಗ ಸೊಸೆ ಎತ್ತುತ್ತಾಳೆ, ಅವಳು ತಿಂಗಳಾಂತ್ಯಕ್ಕೆ ತವರಿಗೆ ಹೋಗುತ್ತಾಳೆ.

ಫಿಸಿಯೋ_ಕುಮಟಾ

ಅಕ್ಕಾ, ಓದಿ ಬಹಳ ಸಂತೋಷವಾಯಿತು. ಎಡಗಡೆ ವಾಲುವುದನ್ನು ನೀವೇ ಬೆರಳಿಟ್ಟು ಹಿಡಿದದ್ದು ದೊಡ್ಡ ಕೆಲಸ.

ಹಿಡಿದುಕೊಂಡಾಗ ಎಲ್ಲವನ್ನೂ ನಿಲ್ಲಿಸಬೇಡಿ. ಒಂದೆರಡು ದಿನ ಬ್ರಿಡ್ಜ್, ಕೈಕಾಲು ಚಾಚುವುದನ್ನು ಬಿಟ್ಟು ಉಸಿರು ಮತ್ತು ಹಿಮ್ಮಡಿಗೆ ವಾಪಸ್ ಬನ್ನಿ. ಕಾಲನ್ನು ಕುರ್ಚಿಯ ಮೇಲಿಟ್ಟು ಅಂಗಾತ ಮಲಗಿದರೆ ಹಿತವಾಗುತ್ತದೆ, ಆದರೆ ಒಂದೇ ಸಮನೆ ಮಲಗಬೇಡಿ. ತಾಸಿಗೊಮ್ಮೆ ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿ. ಬಸ್ಸಿನಲ್ಲಿ ಹೋಗುವಾಗ ಹಿಂದಿನ ಚಕ್ರದ ಮೇಲಿನ ಸೀಟು ಬೇಡ, ಮುಂದಿನ ಅರ್ಧದಲ್ಲಿ ಕೂತು ಸೊಂಟದ ಹಿಂದೆ ಸುತ್ತಿದ ಟವಲ್ ಇಟ್ಟುಕೊಳ್ಳಿ.

ಬಕೆಟ್ ವಿಷಯ. ಎತ್ತಬೇಕು, ಎತ್ತಲು ಕಲಿಯುವುದಕ್ಕೇ ಇಷ್ಟೆಲ್ಲ ಮಾಡಿದ್ದು. ಸೊಸೆ ಊರಿಗೆ ಹೊರಡುವ ಮುಂಚೆಯೇ ಶುರು ಮಾಡಿ, ಅವಳು ಪಕ್ಕದಲ್ಲಿರಲಿ. ಮೊದಲ ವಾರ ಖಾಲಿ ಬಕೆಟ್ಟನ್ನು ನೆಲದಿಂದಲ್ಲ, ಒಂದು ಮಣೆಯ ಮೇಲಿಂದ ಎತ್ತಿ. ಬಕೆಟ್ ಎರಡೂ ಪಾದದ ನಡುವೆ ಇರಲಿ, ಮೊಣಕಾಲು ಮಡಚಿ ಕುಂಡೆಯನ್ನು ಹಿಂದಕ್ಕೆ ತಳ್ಳಿ ಇಳಿಯಿರಿ, ಉಸಿರು ಬಿಡುತ್ತಾ ಕೆಳಹೊಟ್ಟೆ ಹಿಡಿದು ಏಳಿರಿ. ಎತ್ತಿಕೊಂಡು ಸೊಂಟ ತಿರುಚಬೇಡಿ, ಪಾದವನ್ನೇ ತಿರುಗಿಸಿ. ಎರಡನೇ ವಾರ ಕಾಲು ಬಕೆಟ್, ಆಮೇಲೆ ಅರ್ಧ. ಪೂರ್ತಿ ತುಂಬಿದ ಒಂದನ್ನು ಹೊರುವ ಬದಲು ಎರಡು ಕೈಗೆ ಅರ್ಧರ್ಧದ ಎರಡು ಬಕೆಟ್ ಹಿಡಿದರೆ ಸೊಂಟ ವಾಲುವುದಿಲ್ಲ, ನಿಮ್ಮ ಎಡಸೊಂಟಕ್ಕೆ ಇದು ಮುಖ್ಯ. ಬೆಳಗಿನ ಮೊದಲ ತಾಸಿನಲ್ಲಿ ಬೇಡ, ಸಂಜೆಯ ಅಕ್ಕಚ್ಚಿನಿಂದ ಶುರು ಮಾಡಿ. ಮರುದಿನ ತೊಡೆಗೆ ಇಳಿದರೆ ಹಿಂದಿನ ವಾರದ ಭಾರಕ್ಕೆ ವಾಪಸ್. ಅರ್ಧ ಬಕೆಟ್‌ಗೆ ಬಂದಾಗ ಹೇಗಿದೆ ಎಂದು ಬರೆಯಿರಿ.